ಯಾದಗಿರಿಯ ಬೆಟ್ಟ ಹಳೆಯ ಜ್ವಾಲಾಮುಖಿಯೇ? ಸವೆದ ಕ್ಯಾಲ್ಡೆರಾ ಮತ್ತು ಗ್ರಾನೈಟ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಚಳಿಗಾಲದಲ್ಲಿ ವಿದ್ಯಾರ್ಥಿಗಳನ್ನು ಯಾದಗಿರಿ ಕೋಟೆಯ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ. ಅರ್ಧ ಹತ್ತುವಷ್ಟರಲ್ಲಿ ಯಾರಾದರೊಬ್ಬರು ನಿಂತು, ಉಸಿರು ಸುಧಾರಿಸಿಕೊಂಡು, ಅದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿಂದ ಮುಂದೆ ಪ್ರಶ್ನೆಗಳು ಒಂದರ ಬೆನ್ನಿಗೆ ಇನ್ನೊಂದು ಬರುತ್ತವೆ. ಮನೆಗೆ ಹೋದ ಮೇಲೆ ಅವರ ತಂದೆ ತಾಯಂದಿರೂ ಫೋನ್ ಮಾಡಿ ಕೇಳುವುದುಂಟು. ಅವೆಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಯಾದಗಿರಿಯ ಬೆಟ್ಟ ಹಿಂದೆ ಜ್ವಾಲಾಮುಖಿ ಆಗಿತ್ತೇ?

ಇಲ್ಲ. ಅದು ಗ್ರಾನೈಟ್ ಬೆಟ್ಟ. ಗ್ರಾನೈಟ್ ನೆಲದ ಮೇಲೆ ಹರಿದು ಆದ ಕಲ್ಲಲ್ಲ. ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ ಕರಗಿದ ಶಿಲಾಪಾಕ ನಿಧಾನವಾಗಿ ಆರಿ ಗಟ್ಟಿಯಾಗಿ ಆದದ್ದು. ಈ ಭಾಗದ ಗ್ರಾನೈಟ್‌ಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಅಂದು ಇದರ ಮೇಲಿದ್ದ ನೆಲವೆಲ್ಲ ಮಳೆಗೆ, ಬಿಸಿಲಿಗೆ, ನದಿಗಳಿಗೆ ಸವೆದುಹೋಗಿದೆ. ನಾವು ಕೋಟೆಯ ಬಾಗಿಲಲ್ಲಿ ನಿಂತಾಗ ಕಾಲಡಿ ಇರುವುದು ಒಂದು ಕಾಲದ ಪಾತಾಳ.

ಬೆಟ್ಟದ ಗುಂಡಗಿನ ಆಕಾರ ನೋಡಿ ಈ ಅನುಮಾನ ಬರುತ್ತದೆ. ಆದರೆ ಈ ವಿಷಯದಲ್ಲಿ ಆಕಾರವನ್ನು ನಂಬಬಾರದು. ಕಲ್ಲನ್ನು ಮುರಿದು ಅದರ ಒಳಮೈ ನೋಡಬೇಕು. ಕೆಳಗಿನ ಬಹುತೇಕ ಉತ್ತರಗಳೂ ಅಲ್ಲಿಗೇ ಬಂದು ನಿಲ್ಲುತ್ತವೆ.

ಕ್ಯಾಲ್ಡೆರಾ ಎಂದರೆ ಏನು? ಜ್ವಾಲಾಮುಖಿಯ ಬಾಯಿಯೇ?

ಬಾಯಿ ಬೇರೆ, ಕ್ಯಾಲ್ಡೆರಾ ಬೇರೆ. ಬಾಯಿ ಎಂದರೆ ಲಾವಾ, ಬೂದಿ ಹೊರಬರುವ ಕಂಡಿ. ಅದು ಸಾಮಾನ್ಯವಾಗಿ ಕೆಲವು ನೂರು ಮೀಟರ್ ಅಗಲ ಇರುತ್ತದೆ. ಕ್ಯಾಲ್ಡೆರಾ ಎಂದರೆ ಇಡೀ ನೆಲವೇ ಕುಸಿದು ಆದ ತಗ್ಗು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ಕೊಪ್ಪರಿಗೆ ಎಂದೇ ಅರ್ಥ.

ನಮ್ಮ ಮನೆಗಳಲ್ಲಿ ದಿನವೂ ಕಾಣುವ ಒಂದು ಸಂಗತಿಯಿಂದ ಇದು ಸುಲಭವಾಗಿ ಅರ್ಥವಾಗುತ್ತದೆ. ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಂತಿರುತ್ತದೆ. ಒಂದು ಅಂಚಿನಲ್ಲಿ ಸಣ್ಣ ತೂತು ಬೀಳುತ್ತದೆ, ಹಬೆ ಬುಸ್ಸೆಂದು ಹೊರಗೆ ಬರುತ್ತದೆ. ಮರುಕ್ಷಣ ಮೇಲಿನ ಪದರ ಕೆಳಗೆ ಕುಸಿದು ಕೂರುತ್ತದೆ. ನೆಲದಡಿಯ ಶಿಲಾಪಾಕದ ಕೋಣೆಯಲ್ಲೂ ಇದೇ ನಡೆಯುತ್ತದೆ. ಒಳಗಿನ ಅನಿಲದ ಒತ್ತಡಕ್ಕೆ ಶಿಲಾಪಾಕ ನೊರೆಯಾಗಿ, ಬೂದಿಯಾಗಿ ಸಿಡಿದು ಹೊರಬೀಳುತ್ತದೆ. ಕೋಣೆ ಬರಿದಾದಾಗ ಮೇಲಿನ ಚಾವಣಿಗೆ ಆಧಾರ ತಪ್ಪುತ್ತದೆ. ಸುತ್ತ ಉಂಗುರದ ಹಾಗೆ ಬಿರುಕು ಬಿಟ್ಟು, ನಡುವಿನ ಮುಚ್ಚಳ ಹಾಗೆಯೇ ಕೆಳಗಿಳಿಯುತ್ತದೆ.

ಅಳತೆಯಲ್ಲಿ ಮಾತ್ರ ರೊಟ್ಟಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಫಿಲಿಪೀನ್ಸ್‌ನ ಪಿನಾಟುಬೊ 1991ರಲ್ಲಿ ಸಿಡಿದಾಗ ಆದ ಕ್ಯಾಲ್ಡೆರಾ ಸುಮಾರು ಎರಡೂವರೆ ಕಿಲೋಮೀಟರ್ ಅಗಲ. ಸುಮಾತ್ರಾದ ಟೋಬಾ ಸರೋವರ ಇರುವ ಕ್ಯಾಲ್ಡೆರಾ 100 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲ. ಉದ್ದದಲ್ಲಿ ಹೆಚ್ಚುಕಡಿಮೆ ಕಲಬುರಗಿಯಿಂದ ಬೀದರ್‌ವರೆಗಿನ ಹಾದಿ. ಸುಮಾರು 74 ಸಾವಿರ ವರ್ಷಗಳ ಹಿಂದೆ ಅದು ಸಿಡಿದಾಗ ಹಾರಿದ ಬೂದಿ ಭಾರತದ ಮೇಲೂ ಬಿದ್ದಿತು. ಆಂಧ್ರದ ಜ್ವಾಲಾಪುರಂ ಬಳಿ ಆ ಬೂದಿಯ ಪದರ ಇಂದಿಗೂ ಇದೆ.

ಕೋಟ್ಯಂತರ ವರ್ಷ ಸವೆದ ಮೇಲೆ ಕ್ಯಾಲ್ಡೆರಾದಲ್ಲಿ ಏನು ಉಳಿಯುತ್ತದೆ?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು.

ಮೊದಲು ಲೆಕ್ಕ. ನೆಲ ವರ್ಷಕ್ಕೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ ಸವೆದರೂ ಹತ್ತು ಕೋಟಿ ವರ್ಷದಲ್ಲಿ ಒಂದು ಕಿಲೋಮೀಟರ್ ಕಲ್ಲು ಮಾಯವಾಗುತ್ತದೆ. ಆದ್ದರಿಂದ ಹಳೆಯ ಕ್ಯಾಲ್ಡೆರಾದಲ್ಲಿ ತಗ್ಗು ಉಳಿದಿರುತ್ತದೆ ಎಂದು ಹುಡುಕಿಕೊಂಡು ಹೋದರೆ ನಿರಾಸೆಯೇ ಗತಿ. ಎಷ್ಟೋ ಕಡೆ ತಗ್ಗಿದ್ದ ಜಾಗದಲ್ಲಿ ಇಂದು ಗುಡ್ಡ ನಿಂತಿದೆ, ಏಕೆಂದರೆ ತಗ್ಗಿನೊಳಗೆ ತುಂಬಿಕೊಂಡ ಕಲ್ಲು ಸುತ್ತಲಿನ ಕಲ್ಲಿಗಿಂತ ಗಟ್ಟಿ.

ಆ ತುಂಬಿದ ಕಲ್ಲು ಮೊದಲ ಸಾಕ್ಷಿ. ಸಿಡಿದ ಬೂದಿಯ ದೊಡ್ಡ ಪಾಲು ಕುಸಿಯುತ್ತಿರುವ ಕೊಪ್ಪರಿಗೆಯೊಳಗೇ ಬೀಳುತ್ತದೆ. ಹೊರಗೆ ಕೆಲವೇ ಮೀಟರ್ ದಪ್ಪ ಇರುವ ಬೂದಿಯ ಹಾಸು ಒಳಗೆ ಒಂದು ಕಿಲೋಮೀಟರ್ ದಾಟುವುದುಂಟು. ಬಿದ್ದ ಬೂದಿ ಎಷ್ಟು ಬಿಸಿಯಿರುತ್ತದೆ ಎಂದರೆ ತನ್ನದೇ ಭಾರಕ್ಕೆ ಒತ್ತಿಕೊಂಡು ಬೆಸೆದುಹೋಗುತ್ತದೆ. ಅದರೊಳಗಿನ ನೊರೆಗಲ್ಲಿನ ತುಂಡುಗಳು ಚಪ್ಪಟೆಯಾಗಿ, ತುದಿ ಹರಿದ ಜ್ವಾಲೆಯ ಆಕಾರದ ಗೆರೆಗಳಾಗಿ ಉಳಿಯುತ್ತವೆ. ಬೂದಿಕಲ್ಲಿನ ತುಂಡೊಂದನ್ನು ನೀರಿನಲ್ಲಿ ತೋಯಿಸಿ ಬಿಸಿಲಿಗೆ ಹಿಡಿದರೆ ಆ ಗೆರೆಗಳು ಒಂದೇ ದಿಕ್ಕಿಗೆ ಮಲಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಒಮ್ಮೆ ನೋಡಿದವರು ಮತ್ತೆ ಮರೆಯುವುದಿಲ್ಲ.

ಎರಡನೆಯದು, ಅಂಚಿನಿಂದ ಜಾರಿಬಿದ್ದ ಬಂಡೆಗಳ ರಾಶಿ. ಮನೆಯಷ್ಟು ದೊಡ್ಡ ಚೂರುಗಳೂ ಬೂದಿಯೊಳಗೆ ಹೂತು ಕುಳಿತಿರುತ್ತವೆ.

ಇನ್ನು ಉಂಗುರ. ಮುಚ್ಚಳ ಕೆಳಗಿಳಿದ ಬಿರುಕಿನಲ್ಲಿ ಶಿಲಾಪಾಕ ಮೇಲೇರಿ ಗಟ್ಟಿಯಾದರೆ ಅದಕ್ಕೆ ಉಂಗುರ ಡೈಕ್ ಎನ್ನುತ್ತಾರೆ. ಮೇಲಿನದೆಲ್ಲ ಸವೆದುಹೋದರೂ ಬಿರುಕಿನ ಬೇರು ಆಳದವರೆಗೂ ಇರುವುದರಿಂದ ಉಂಗುರ ಉಳಿಯುತ್ತದೆ. ಸ್ಕಾಟ್ಲೆಂಡಿನ ಗ್ಲೆನ್‌ಕೋ ಕಣಿವೆಯಲ್ಲಿ ಸುಮಾರು 42 ಕೋಟಿ ವರ್ಷ ಹಳೆಯ ಇಂಥ ರಚನೆ ಇದೆ. ಅಲ್ಲಿನ ಬಂಡೆಗಳನ್ನು ಹೆಜ್ಜೆ ಹೆಜ್ಜೆಗೂ ಅಳೆದು ಕ್ಲಫ್, ಮಾಫ್, ಬೈಲಿ ಎಂಬ ಮೂವರು 1909ರಲ್ಲಿ ನೆಲ ಕುಸಿದ ಬಗೆಯನ್ನು ವಿವರಿಸಿದರು. ಉಪಗ್ರಹವಿಲ್ಲ, ಪ್ರಯೋಗಾಲಯದ ದೊಡ್ಡ ಯಂತ್ರಗಳಿಲ್ಲ. ಸುತ್ತಿಗೆ, ನಕ್ಷೆ, ಕಾಲ್ನಡಿಗೆ ಅಷ್ಟೇ. ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ನಾನು ತಪ್ಪದೆ ಹೇಳುತ್ತೇನೆ.

ಇನ್ನೂ ಆಳಕ್ಕೆ ಸವೆದರೆ ಬೂದಿಯೂ ಹೋಗಿ, ಕಟ್ಟಕಡೆಗೆ ಶಿಲಾಪಾಕದ ಕೋಣೆಯೇ ಹೊರಗೆ ಕಾಣುತ್ತದೆ. ಆ ಕೋಣೆಯಲ್ಲಿ ಆರಿ ಗಟ್ಟಿಯಾದ ಕಲ್ಲೇ ಗ್ರಾನೈಟ್.

ಬೂದಿಗೂ ಗ್ರಾನೈಟ್‌ಗೂ ಒಂದೇ ಮೂಲ ಹೇಗೆ? ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲವಲ್ಲ?

ಸಕ್ಕರೆಯ ಉದಾಹರಣೆ ಸಾಕು. ಸಕ್ಕರೆ ಪಾಕವನ್ನು ತಿಂಗಳುಗಟ್ಟಲೆ ಅಲುಗಾಡಿಸದೆ ಬಿಟ್ಟರೆ ಬೆರಳ ಗಾತ್ರದ ಕಲ್ಲುಸಕ್ಕರೆ ಕಟ್ಟುತ್ತದೆ. ಅದೇ ಪಾಕವನ್ನು ಗಟ್ಟಿಯಾಗಿ ಕಾಯಿಸಿ ತಣ್ಣೀರಿಗೆ ಸುರಿದರೆ ಗಾಜಿನಂಥ ತುಂಡು. ವಸ್ತು ಒಂದೇ, ಆರಿದ ವೇಗ ಬೇರೆ. ಗ್ರಾನೈಟ್ ಆಗುವ ಶಿಲಾಪಾಕವೇ ಮೇಲೆ ಬಂದು ಬೇಗ ಆರಿದರೆ ರಯೊಲೈಟ್ ಎಂಬ ನುಣುಪು ಕಲ್ಲಾಗುತ್ತದೆ, ಸಿಡಿದರೆ ಬೂದಿಕಲ್ಲಾಗುತ್ತದೆ. ಮೂರರಲ್ಲೂ ಸಿಲಿಕಾ ಹೆಚ್ಚು. ಸಿಲಿಕಾ ಹೆಚ್ಚಿದ ಪಾಕ ಅಂಟಂಟಾಗಿರುತ್ತದೆ, ಅನಿಲವನ್ನು ಸುಲಭವಾಗಿ ಹೊರಬಿಡುವುದಿಲ್ಲ. ಕ್ಯಾಲ್ಡೆರಾ ಮಾಡುವಷ್ಟು ಭೀಕರವಾಗಿ ಅದು ಸಿಡಿಯುವುದಕ್ಕೆ ಇದೇ ಕಾರಣ.

ಭಾರತದಲ್ಲಿ ಇಂಥದ್ದನ್ನು ಎಲ್ಲಿ ನೋಡಬಹುದು?

ಪಶ್ಚಿಮ ರಾಜಸ್ಥಾನಕ್ಕೆ ಹೋಗಬೇಕು. ಮಲಾನಿ ಶಿಲಾಸಮೂಹ ಎಂದು ಕರೆಯುವ ಅಲ್ಲಿನ ಕಲ್ಲುಗಳು ಸುಮಾರು 75 ಕೋಟಿ ವರ್ಷದವು. 50 ಸಾವಿರ ಚದರ ಕಿಲೋಮೀಟರಿಗೂ ಮೀರಿ ಹರಡಿವೆ. ಜೋಧಪುರದ ಮೆಹರಾನ್‌ಗಢ ಕೋಟೆಯ ಬುಡದಲ್ಲಿರುವುದು ಆ ಕಾಲದ ಜ್ವಾಲಾಮುಖಿ ಕಲ್ಲು. ಅಲ್ಲಿನ ಬೆಸೆದ ಬೂದಿಕಲ್ಲನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಪ್ರವಾಸಿಗರು ಕೋಟೆಯ ಗೋಡೆಯನ್ನೇ ನೋಡುತ್ತಾರೆ. ಗೋಡೆ ನಿಂತಿರುವ ಬಂಡೆಯನ್ನೂ ನೋಡಬೇಕೆಂದು ನನ್ನ ಕೋರಿಕೆ. ಅಲ್ಲಿಂದ ನೈಋತ್ಯಕ್ಕೆ ಸಿವಾನಾ ಎಂಬ ಊರಿನ ಸುತ್ತ ರಯೊಲೈಟ್ ಮತ್ತು ಗ್ರಾನೈಟ್ ಗುಡ್ಡಗಳು ಉಂಗುರದಂತೆ ಸುತ್ತುವರಿದಿವೆ. ಕುಸಿದ ಕ್ಯಾಲ್ಡೆರಾದ ಉಳಿಕೆ ಎಂದು ಅದನ್ನು ವಿವರಿಸುತ್ತಾರೆ. ಅಪರೂಪದ ಮೂಲವಸ್ತುಗಳಿಗಾಗಿಯೂ ಸಿವಾನಾ ಈಗ ಗಮನ ಸೆಳೆದಿದೆ.

ಹೊರದೇಶಗಳಲ್ಲಿ ನೈಜೀರಿಯಾದ ಜೋಸ್ ಪ್ರಸ್ಥಭೂಮಿಯ ಉಂಗುರ ಗ್ರಾನೈಟ್‌ಗಳು ಪ್ರಸಿದ್ಧ. ಅಲ್ಲಿ ತವರ ತೆಗೆಯುತ್ತಿದ್ದರು. ಅಮೆರಿಕದ ಮಿಸ್ಸೂರಿಯಲ್ಲಿ ಸುಮಾರು 147 ಕೋಟಿ ವರ್ಷ ಹಳೆಯ ಕ್ಯಾಲ್ಡೆರಾಗಳ ಬೂದಿಕಲ್ಲೂ ಅವುಗಳ ಅಡಿಯ ಗ್ರಾನೈಟೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಅಲ್ಲಿನ ಗ್ರಾನೈಟ್ ಗುಂಡುಗಳ ಚಿತ್ರ ತೋರಿಸಿದರೆ ನಮ್ಮ ಹುಡುಗರು ಇದು ಸುರಪುರದ ಕಡೆಯದು ಎನ್ನುತ್ತಾರೆ.

ಹಾಗಾದರೆ ನಮ್ಮ ಗ್ರಾನೈಟ್ ಮೇಲೂ ಒಂದು ಕಾಲಕ್ಕೆ ಕ್ಯಾಲ್ಡೆರಾ ಇದ್ದಿರಬೇಕಲ್ಲ?

ಇಲ್ಲಿ ಆತುರ ಪಡಬಾರದು. ಪ್ರತಿ ಕ್ಯಾಲ್ಡೆರಾದ ಅಡಿಯಲ್ಲೂ ಶಿಲಾಪಾಕದ ಕೋಣೆ ಇರುತ್ತದೆ. ಆದರೆ ಪ್ರತಿ ಗ್ರಾನೈಟ್ ಮೇಲೂ ಜ್ವಾಲಾಮುಖಿ ಇತ್ತು ಎಂದಲ್ಲ. ಎಷ್ಟೋ ಶಿಲಾಪಾಕ ಮೇಲೇರುವ ದಾರಿಯಲ್ಲೇ ಆರಿ ನಿಲ್ಲುತ್ತದೆ, ಸಿಡಿಯುವುದೇ ಇಲ್ಲ.

ಸಂಬಂಧವಿದೆ ಎನ್ನಲು ಬೂದಿಕಲ್ಲು ಮತ್ತು ಗ್ರಾನೈಟ್ ಎರಡೂ ಕೈಗೆ ಸಿಗಬೇಕು, ಅವುಗಳ ವಯಸ್ಸೂ ರಾಸಾಯನಿಕ ಗುಣವೂ ಹೊಂದಬೇಕು. ಯಾದಗಿರಿ, ಶಹಾಪುರದ ಕಡೆ ಈ ಎರಡರಲ್ಲಿ ಉಳಿದಿರುವುದು ಗ್ರಾನೈಟ್ ಮಾತ್ರ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಕ್ಯಾಲ್ಡೆರಾ ಎಂದು ಗುರುತಾದ ಜಾಗ ಯಾವುದೂ ಇಲ್ಲ.

ಇದಕ್ಕೆ ಇನ್ನೊಂದು ಪೂರಕ ಸಂಗತಿ ನಮ್ಮ ನೆಲದಲ್ಲೇ ಇದೆ. ಶಹಾಬಾದಿನ ಫರಸಿ ಕಲ್ಲು ಎಲ್ಲರಿಗೂ ಗೊತ್ತು. ಅದು ಭೀಮಾ ಶಿಲಾಸಮೂಹದ ಸುಣ್ಣಕಲ್ಲು. ಎಲುಬಿರುವ ಪ್ರಾಣಿಗಳು ಭೂಮಿಯ ಮೇಲೆ ಇನ್ನೂ ಹುಟ್ಟಿರದ ಕಾಲದ ಆಳವಿಲ್ಲದ ಸಮುದ್ರದಲ್ಲಿ ಪದರ ಪದರವಾಗಿ ಕೂತದ್ದು. ಸನ್ನತಿಯ ಸ್ತೂಪದ ಶಿಲ್ಪಗಳನ್ನು ಕೆತ್ತಿದ್ದೂ ಈ ಸುಣ್ಣಕಲ್ಲಿನಲ್ಲೇ. ಈ ಶಿಲಾಸಮೂಹದ ಪದರಗಳು ನೇರವಾಗಿ ಗ್ರಾನೈಟ್ ಮೇಲೆ ಕೂತಿವೆ. ಅಂದರೆ ಆ ಸಮುದ್ರ ಬರುವ ಹೊತ್ತಿಗಾಗಲೇ ಗ್ರಾನೈಟ್ ಮೇಲಿನ ಹಲವು ಕಿಲೋಮೀಟರ್ ಕಲ್ಲು ಸವೆದು, ಪಾತಾಳದ ಕಲ್ಲು ಬಿಸಿಲು ಕಂಡಾಗಿತ್ತು. ಮೇಲೆ ಏನಿತ್ತೋ ಅದನ್ನು ಹೇಳುವ ಪುಟಗಳು ಆಗಲೇ ಹರಿದುಹೋಗಿದ್ದವು.

ನಮ್ಮೂರ ಬಳಿ ಗುಂಡಗಿನ ತಗ್ಗಿದೆ, ಸುತ್ತ ಗುಡ್ಡವಿದೆ. ಅದು ಕ್ಯಾಲ್ಡೆರಾ ಅಲ್ಲವೇ?

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹೀಗೆಯೇ ತಪ್ಪಿದ್ದೆ. ಶಹಾಪುರದ ಕಡೆ ಬುಗುಣಿಯಂಥ ತಗ್ಗೊಂದನ್ನು ತೋರಿಸಿ ಇದು ಜ್ವಾಲಾಮುಖಿಯ ಬಾಯಿ ಇರಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಿದೆ. ಪಕ್ಕದಲ್ಲೇ ಕಲ್ಲು ಒಡೆಯುತ್ತಿದ್ದ ಹಿರಿಯರೊಬ್ಬರು ಕೇಳಿಸಿಕೊಂಡರು. ಏನೂ ವಾದಿಸಲಿಲ್ಲ. ತಗ್ಗಿನೊಳಗಿಂದ ಒಂದು ತುಂಡು, ಗುಡ್ಡದ ಮೇಲಿಂದ ಒಂದು ತುಂಡು ಒಡೆದು ತಂದು ನನ್ನ ಎರಡೂ ಅಂಗೈಗಳ ಮೇಲಿಟ್ಟರು. ಎರಡರಲ್ಲೂ ಅದೇ ಗುಲಾಬಿ ಹರಳು, ಅದೇ ಬೂದು ಬೆಣಚು, ಅದೇ ಕಪ್ಪು ಅಭ್ರಕದ ಚುಕ್ಕೆ. "ಎರಡೂ ಒಂದೇ ಕಲ್ಲು, ಸರ್. ಇಲ್ಲಿ ಸೀಳು ಜಾಸ್ತಿ ಇದೆ, ಅದಕ್ಕೇ ಬೇಗ ಸವೆದಿದೆ" ಎಂದರು. ಆ ದಿನವೇ ವಿದ್ಯಾರ್ಥಿಗಳ ಮುಂದೆ ನನ್ನ ಮಾತನ್ನು ತಿದ್ದಿಕೊಂಡೆ. ಆ ಎರಡು ತುಂಡುಗಳು ಇಂದಿಗೂ ನನ್ನ ಮೇಜಿನ ಮೇಲಿವೆ.

ದೊಡ್ಡವರೂ ಆಕಾರಕ್ಕೆ ಮೋಸ ಹೋಗಿದ್ದಾರೆ. ಮಹಾರಾಷ್ಟ್ರದ ಲೋಣಾರ್ ಸರೋವರ 1.8 ಕಿಲೋಮೀಟರ್ ಅಗಲದ ಗುಂಡು ತಗ್ಗು. ಸುತ್ತಲೂ ಲಾವಾ ಕಲ್ಲು. ಜ್ವಾಲಾಮುಖಿಯೇ ಇರಬೇಕು ಎಂದು ಬಹಳ ಕಾಲ ಭಾವಿಸಿದ್ದರು. ಉಲ್ಕೆಯ ಹೊಡೆತದಿಂದ ಮಾತ್ರ ಆಗಬಲ್ಲ ಗಾಜಾದ ಹರಳುಗಳು ಅಲ್ಲಿ ಸಿಕ್ಕಮೇಲೆ ಅದು ಉಲ್ಕಾಕುಳಿ ಎಂದು ಸ್ಥಿರವಾಯಿತು. ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಢಾಲಾದ ಕತೆಯೂ ಅದೇ. ಗ್ರಾನೈಟ್ ನೆಲದಲ್ಲಿದ್ದ ಆ ಹಳೆಯ, ಸವೆದ ವೃತ್ತವನ್ನು ಕುಸಿದ ಜ್ವಾಲಾಮುಖಿ ಎಂದೇ ಬರೆದಿದ್ದರು. ಹೊಡೆತದ ಗುರುತಿರುವ ಬೆಣಚಿನ ಕಣಗಳು ಸಿಕ್ಕಿ ಆ ಮಾತು ತಿರುಗಿಬಿತ್ತು.

ಬೀದರಿನ ಕರಿಕಲ್ಲು ಲಾವಾ ತಾನೆ? ಅದರ ಜ್ವಾಲಾಮುಖಿ ಎಲ್ಲಿ?

ಹೌದು, ಬೀದರ್ ಮತ್ತು ಕಲಬುರಗಿಯ ಉತ್ತರ ಭಾಗದ ಕರಿಕಲ್ಲು ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಬಸಾಲ್ಟ್. ಅದಕ್ಕೆ ಬೆಟ್ಟದಂಥ ಜ್ವಾಲಾಮುಖಿ ಬೇಕಿರಲಿಲ್ಲ. ಬಸಾಲ್ಟ್ ಪಾಕದಲ್ಲಿ ಸಿಲಿಕಾ ಕಡಿಮೆ, ಆದ್ದರಿಂದ ತೆಳು. ನೆಲದ ಉದ್ದನೆಯ ಬಿರುಕುಗಳಿಂದ ಉಕ್ಕಿ, ಹಾಸಿನ ಮೇಲೆ ಹಾಸಾಗಿ ಹರಿಯಿತು. ಬೀದರ್ ಕೋಟೆ ನಿಂತಿರುವ ಕೆಂಪುಕಲ್ಲು ಇದೇ ಬಸಾಲ್ಟ್ ಲಕ್ಷಾಂತರ ಮಳೆಗಾಲಗಳಲ್ಲಿ ಕೊಳೆತು ಆದದ್ದು. ಮೇಲಿನ ಕೆಂಪುಕಲ್ಲು ನೀರನ್ನು ಇಳಿಸಿಕೊಳ್ಳುತ್ತದೆ, ಅಡಿಯ ಕರಿಕಲ್ಲು ತಡೆದು ನಿಲ್ಲಿಸುತ್ತದೆ. ನೌಬಾದಿನ ಕರೇಜ್ ಸುರಂಗ ಕಾಲುವೆಯನ್ನು ತೋಡಿದವರು ಈ ಗುಟ್ಟನ್ನು ಐದು ಶತಮಾನಗಳ ಹಿಂದೆಯೇ ತಿಳಿದಿದ್ದರು.

ನಮ್ಮ ಎರೆಭೂಮಿ, ಅದರಲ್ಲಿ ಬೆಳೆಯುವ ತೊಗರಿ ಎಲ್ಲಕ್ಕೂ ಬಸಾಲ್ಟೇ ತಾಯಿ. ಆದರೆ ಕ್ಯಾಲ್ಡೆರಾ ಮತ್ತು ಗ್ರಾನೈಟ್ ಕತೆ ಬೇರೆ, ಇದು ಬೇರೆ. ಎರಡರ ನಡುವೆ ಇನ್ನೂರು ಕೋಟಿಗೂ ಹೆಚ್ಚು ವರ್ಷಗಳ ಅಂತರವಿದೆ.

ಬೆಟ್ಟದ ಮೇಲೆ ಒಂದರ ಮೇಲೊಂದು ಕೂತ ಗುಂಡುಗಳನ್ನು ಜ್ವಾಲಾಮುಖಿ ಎಸೆದಿದೆಯೇ?

ಯಾರೂ ಎಸೆದಿಲ್ಲ, ಅವು ಹುಟ್ಟಿದಲ್ಲೇ ಇವೆ. ಗ್ರಾನೈಟ್‌ನಲ್ಲಿ ಅಡ್ಡ, ಉದ್ದ ಸೀಳುಗಳಿರುತ್ತವೆ. ನೆಲದಡಿ ಇರುವಾಗಲೇ ಆ ಸೀಳುಗಳಿಗೆ ನೀರು ಇಳಿದು ಮೂಲೆಗಳು ಮೊದಲು ಕೊಳೆಯುತ್ತವೆ. ಚೌಕ ಗುಂಡಾಗುತ್ತದೆ. ಕೊಳೆತ ಪುಡಿ ಮಳೆಗೆ ಕೊಚ್ಚಿಹೋದಾಗ ಗುಂಡುಗಳು ಪೇರಿಸಿಟ್ಟಂತೆ ಉಳಿಯುತ್ತವೆ. ಶಹಾಪುರದ ಬುದ್ಧ ಮಲಗಿದ ಬೆಟ್ಟದ ಹಣೆ, ಮೂಗು, ಗದ್ದಗಳನ್ನು ಕಡೆದದ್ದೂ ಇದೇ ಸೀಳು ಮತ್ತು ಮಳೆ.

ಹೊಲಗಳ ನಡುವೆ ಕರಿಕಲ್ಲಿನ ಸಾಲು ಗೋಡೆಯಂತೆ ಹೋಗುತ್ತದೆ. ಅದು ಉಂಗುರ ಡೈಕ್ ಇರಬಹುದೇ?

ಡೈಕ್ ಹೌದು, ಉಂಗುರ ಅಲ್ಲ. ನೆಟ್ಟಗೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಗ್ರಾನೈಟ್ ಗಟ್ಟಿಯಾದ ಎಷ್ಟೋ ಕಾಲದ ಮೇಲೆ ಅದರ ಬಿರುಕಿಗೆ ನುಗ್ಗಿದ ಡಾಲರೈಟ್ ಎಂಬ ಕಲ್ಲು ಅದು. ನೆರೆಯ ಮಹಬೂಬನಗರದ ಕಡೆ ಇಂಥ ಡೈಕ್‌ಗಳ ದೊಡ್ಡ ಗುಂಪೇ ಇದೆ.

ಗೋಗಿಯ ಯುರೇನಿಯಂ ಜ್ವಾಲಾಮುಖಿಯಿಂದ ಬಂದದ್ದೇ?

ಅಲ್ಲ. ರಷ್ಯಾದ ಸ್ತ್ರೆಲ್ತ್ಸೋವ್ಕಾ ಎಂಬಲ್ಲಿ ಹಳೆಯ ಕ್ಯಾಲ್ಡೆರಾದೊಳಗೇ ಯುರೇನಿಯಂನ ಭಾರಿ ನಿಕ್ಷೇಪವಿದೆ. ಅದನ್ನು ಓದಿದವರಿಗೆ ಈ ಪ್ರಶ್ನೆ ಬರುವುದು ಸಹಜ. ಶಹಾಪುರ ತಾಲೂಕಿನ ಗೋಗಿಯಲ್ಲಿ ಅದಿರು ಇರುವುದು ಒಂದು ಸ್ತರಭಂಗದ, ಅಂದರೆ ಕಲ್ಲು ಸೀಳಿ ಜಾರಿದ ಬಿರುಕಿನ, ಉದ್ದಕ್ಕೆ. ಅಲ್ಲಿ ಭೀಮಾ ಸುಣ್ಣಕಲ್ಲೂ ಅಡಿಯ ಗ್ರಾನೈಟೂ ಒಂದಕ್ಕೊಂದು ಉಜ್ಜಿ ನುಚ್ಚಾಗಿವೆ. ಆ ನುಚ್ಚಿನ ಸಂದಿಯಲ್ಲಿ ಹರಿದ ನೀರು ಯುರೇನಿಯಂ ತಂದು ಬಿಟ್ಟಿತು.

ಇದಕ್ಕಿಂತ ಹೆಚ್ಚಿನ ಕಾಳಜಿ ಇರಬೇಕಾದದ್ದು ಕೊಳವೆಬಾವಿಯ ನೀರಿನ ಬಗ್ಗೆ. ಗ್ರಾನೈಟ್ ನೆಲದ ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಯಾದಗಿರಿ, ಕಲಬುರಗಿ ಎರಡೂ ಜಿಲ್ಲೆಗಳ ನಿಜವಾದ ಸಮಸ್ಯೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅದು ಕುಡಿಯುವ ನೀರಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಂಡರೆ ದಯವಿಟ್ಟು ನೀರಿನ ಪರೀಕ್ಷೆ ಮಾಡಿಸಿ, ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂದು ಸುಮ್ಮನಿರಬೇಡಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಕಲ್ಲಿನ ವಯಸ್ಸು ಇಷ್ಟೇ ಎಂದು ಹೇಗೆ ಹೇಳುತ್ತಾರೆ?

ಗ್ರಾನೈಟ್‌ನಲ್ಲಿ ಜಿರ್ಕಾನ್ ಎಂಬ ಅತಿ ಸಣ್ಣ ಹರಳಿರುತ್ತದೆ. ಹುಟ್ಟುವಾಗ ಅದು ಸ್ವಲ್ಪ ಯುರೇನಿಯಂ ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ. ಯುರೇನಿಯಂ 238ರ ಅರ್ಧ ಪಾಲು ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಇಂದು ಎರಡೂ ಎಷ್ಟೆಷ್ಟಿವೆ ಎಂದು ಅಳೆದರೆ ಹುಟ್ಟಿದ ಕಾಲ ಸಿಗುತ್ತದೆ. ಬೂದಿಕಲ್ಲಿನ ಜಿರ್ಕಾನ್ ಮತ್ತು ಗ್ರಾನೈಟ್‌ನ ಜಿರ್ಕಾನ್ ಒಂದೇ ವಯಸ್ಸು ಹೇಳಿದರೆ ಅವೆರಡರ ನಂಟು ಅರ್ಧ ಸಾಬೀತಾದಂತೆ.

ಭೂಕಂಪವಾದಾಗ ಹಳೆಯ ಜ್ವಾಲಾಮುಖಿ ಎಚ್ಚರವಾಯಿತು ಎನ್ನುತ್ತಾರೆ. ನಿಜವೇ?

ನಿಜವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ, ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪವನ್ನು ನಮ್ಮ ಭಾಗದ ಹಿರಿಯರು ಮರೆತಿಲ್ಲ. ಆಮೇಲೆ ಅಲ್ಲಿ ಕೊರೆದು ನೋಡಿದಾಗ ಸುಮಾರು 340 ಮೀಟರ್ ಬಸಾಲ್ಟ್ ದಾಟಿದ ಮೇಲೆ ಹಳೆಯ ಗಟ್ಟಿ ಶಿಲೆ ಸಿಕ್ಕಿತು. ಶಿಲಾಪಾಕದ ಸುಳಿವಿರಲಿಲ್ಲ. ಉತ್ತರಕ್ಕೆ ಸರಿಯುತ್ತಿರುವ ಭಾರತದ ಭೂಫಲಕದ ಒತ್ತಡಕ್ಕೆ ಹಳೆಯ ಬಿರುಕು ಜಾರಿದ್ದು ಅದು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲದಡಿ ಸದ್ದು ಕೇಳಿ ಜನ ಮನೆ ಬಿಟ್ಟು ಹೊರಗೆ ಮಲಗಿದ್ದರು. ಅವರ ಭಯ ಅರ್ಥವಾಗುವಂಥದ್ದೇ. ಆದರೆ ಲಾವಾ ಉಕ್ಕುತ್ತದೆ ಎಂಬ ಗಾಳಿಸುದ್ದಿಯನ್ನು ಮೊಬೈಲ್‌ನಲ್ಲಿ ಹರಡಿದವರು ಆ ಜನಕ್ಕೆ ಅನ್ಯಾಯ ಮಾಡಿದರು. ಮಣ್ಣಿನ ಗಾರೆಯಲ್ಲಿ ಗುಂಡುಗಲ್ಲು ಪೇರಿಸಿ ಕಟ್ಟಿದ ದಪ್ಪ ಗೋಡೆಗಳೇ ಕಿಲ್ಲಾರಿಯಲ್ಲಿ ಹೆಚ್ಚು ಪ್ರಾಣ ತೆಗೆದವು. ಚರ್ಚೆ ನಡೆಯಬೇಕಾದದ್ದು ಗೋಡೆಯ ಬಗ್ಗೆ.

ದೂರ ಹೋಗಲು ಆಗುವುದಿಲ್ಲ. ಮನೆಯಲ್ಲೇ ಏನಾದರೂ ನೋಡಬಹುದೇ?

ಅಡುಗೆಮನೆಯ ಕಟ್ಟೆಯಿಂದಲೇ ಶುರು ಮಾಡಿ. ಹಾಸಿದ ಕಲ್ಲು ಪೂರ್ತಿ ಕಪ್ಪಗಿದ್ದರೆ, ಅಂಗಡಿಯವರು ಗ್ರಾನೈಟ್ ಎಂದೇ ಮಾರಿದ್ದರೂ, ಅದು ಬಹುಮಟ್ಟಿಗೆ ಡೈಕ್‌ನ ಡಾಲರೈಟ್. ಗುಲಾಬಿ ಅಥವಾ ಬೂದು ಬಣ್ಣದ ಚುಕ್ಕೆ ಕಲ್ಲಾದರೆ ಒದ್ದೆ ಬಟ್ಟೆಯಿಂದ ಒರೆಸಿ, ಮೊಬೈಲ್ ಬೆಳಕನ್ನು ಓರೆಯಾಗಿ ಬಿಟ್ಟು, ಭೂತಗನ್ನಡಿ ಹಿಡಿಯಿರಿ. ಬೆಳಕಿಗೆ ಫಳ್ಳೆಂದು ಹೊಳೆಯುವ ಚಪ್ಪಟೆ ಮುಖದ ಹರಳು ಫೆಲ್ಡ್‌ಸ್ಪಾರ್. ಎಣ್ಣೆ ಸವರಿದಂತೆ ಮಂಕಾಗಿ ಕಾಣುವುದು ಬೆಣಚು. ಉಗುರಿನಿಂದ ಎಬ್ಬಿಸಬಹುದೇನೋ ಎನ್ನಿಸುವ ಕಪ್ಪು ಪದರ ಅಭ್ರಕ. ಈಗ ಫೆಲ್ಡ್‌ಸ್ಪಾರ್‌ನ ಅಂಚನ್ನೂ ಬೆಣಚಿನ ಅಂಚನ್ನೂ ಹೋಲಿಸಿ. ಫೆಲ್ಡ್‌ಸ್ಪಾರ್‌ಗೆ ಎಷ್ಟೋ ಕಡೆ ತನ್ನದೇ ನೇರ ಅಂಚಿದೆ, ಏಕೆಂದರೆ ಅದು ಮೊದಲು ಕಟ್ಟಿಕೊಂಡಿತು. ಬೆಣಚಿಗೆ ಸ್ವಂತ ಆಕಾರವಿಲ್ಲ. ಕಡೆಗೆ ಉಳಿದ ಪಾಕ ಉಳಿದ ಸಂದಿಗಳಲ್ಲಿ ತುಂಬಿಕೊಂಡದ್ದು ಅದು.